ಎದುರು ಬಾಗಿಲು

ಗುದೈಬಿಯಾದ ಈ ಗಲ್ಲಿಯಲ್ಲಿ ನಲವತ್ತೊಂದು ವರ್ಷ
ಪರೋಟ ತಟ್ಟಿದವನು ನಾನು, ದೇರಳಕಟ್ಟೆಯ ಪುತ್ತಬ್ಬ.
ಎದುರಿನ ಬ್ಲೂ ಆಂಕರ್ ಪಬ್ಬಿನ ಹೊಸ್ತಿಲು
ಒಮ್ಮೆಯೂ ತುಳಿದವನಲ್ಲ.
ಆದರೂ ಅದರ ಚರಿತ್ರೆ ಬೇಕೆಂದರೆ
ನನ್ನ ಸಾಲದ ಪುಸ್ತಕ ತೆಗೆಯಬೇಕು.

ಮೊದಲ ಪುಟ ಡೆನ್ಹಮ್ ಸಾಹೇಬರದು.
ಹಡಗಿನಿಂದ ಇಳಿದವರು ಅದರ ಗಂಟೆಯನ್ನೂ ಇಳಿಸಿಕೊಂಡಿದ್ದರು.
ರಾತ್ರಿ ಹನ್ನೊಂದೂವರೆಗೆ ಅದು ಢಣ್ ಎಂದರೆ
ಒಳಗೆ ಕೊನೆಯ ಗ್ಲಾಸು,
ಹೊರಗೆ ನನ್ನ ಕಾವಲಿಗೆ ಮೊದಲ ಮೊಟ್ಟೆ.
ಯುದ್ಧದ ಚಳಿಗಾಲ, ಸೈರನ್ ಕೂಗಿದ ರಾತ್ರಿ
ಇದೇ ಬೆಂಚಿನಲ್ಲಿ ಕೂತು ಎರಡು ಆಮ್ಲೆಟ್ ತಿಂದು
‘ನಾಳೆ ಕೊಡ್ತೇನೆ’ ಎಂದರು.
ಹಳೆ ಬಾಕಿ ಸೇರಿ ನಾಲ್ಕು ದಿನಾರು ಮುನ್ನೂರು ಫಿಲ್ಸ್.

ಆಮೇಲೆ ಗೋವೆಯ ಎವರಿಸ್ಟು.
ಅವನು ತರಿಸಿದ ಪಿಯಾನೋ ಬಾಗಿಲಲ್ಲಿ ಹಿಡಿಸದೆ
ಮೂರು ದಿನ ನನ್ನಂಗಡಿ ಮುಂದೆ ನಿಂತಿತ್ತು.
ಗಲ್ಲಿಯ ಬೆಕ್ಕು ಅದರ ಮೇಲೆ ನಡೆದದ್ದು,
ಆ ಪಬ್ಬಿನಿಂದ ನಾನು ಕೇಳಿದ ಸಂಗೀತ ಅಷ್ಟೇ.
ಅವನ ಪುಟ ಚುಕ್ತಾ. ಮಣ್ಣು ಮಾಡಿದ ವಾರವೇ
ಹೆಂಡತಿ ಬಂದು ಎಣಿಸಿಕೊಟ್ಟಳು.

ಕಿನ್ನಿಗೋಳಿಯ ಲಿಗೋರಿ ಮೆನೇಜಸ್
ರಂಜಾನಿಗೆ ಪಬ್ಬಿಗೆ ಬೀಗ ಜಡಿದು
ನನ್ನ ಸಮೋಸಕ್ಕೆ ನೀರುಳ್ಳಿ ಹೆಚ್ಚಲು ಬರುತ್ತಿದ್ದ.
‘ನನ್ನ ಹೊಸ್ತಿಲು ನೀವು ತುಳಿಯುವುದಿಲ್ಲ ಬ್ಯಾರಿಗಳೇ,
ನಿಮ್ಮದನ್ನು ಮಾತ್ರ ನಾನು ಸವೆಸಬೇಕಾ?’
ಸವೆದದ್ದು ನಿಜ. ಕಲ್ಲು ನೋಡಿ, ಎಡಬದಿ.

ಕೊನೆಯವಳು ಸೆಬೂ ಊರಿನ ಮಾರ್ಲೀನ್.
ಕೊರೋನಾ ಮುಚ್ಚಿದ ಬಾಗಿಲನ್ನು ತೆರೆಯಲಾಗಲಿಲ್ಲ.
ಹುಡುಗರ ಟಿಕೇಟಿಗೆ ಪಿಯಾನೋ ಮಾರಿದಳು,
ಸಾಲದ್ದಕ್ಕೆ ಗಂಟೆ.
ಕಟ್ಟಡದ ಧಣಿಯನ್ನು ಇವರಲ್ಲಿ ಯಾರೂ ಕಂಡವರಿಲ್ಲ;
ಬಾಡಿಗೆ ಚೀಟಿಯಲ್ಲಿ ಸಹಿಯಾಗಿ ಬರುತ್ತಿದ್ದ,
ಈ ಸಲ ಜೆಸಿಬಿಯಾಗಿ ಬಂದ.

ಮುಂಗೋಡೆ ಕಳಚಿದಾಗ ಬೀದಿಯಲ್ಲಿ ನಿಂತೇ ಒಳಗು ಕಂಡೆ.
ಒಂದು ಗೋಡೆಯಲ್ಲಿ ತಟ್ಟೆಯಗಲದ ದುಂಡು ಜಾಗ,
ಗೀರಿಲ್ಲ, ಬಣ್ಣ ಬಳಿದ ದಿನದ ಹಸಿರು.
ಅದರ ಸುತ್ತ ಸಾವಿರ ತೂತು.
ಡಾರ್ಟ್ಸ್ ಹಲಗೆ ಇತ್ತಂತೆ ಅಲ್ಲಿ,
ಜೆಸಿಬಿಯ ಸರ್ದಾರ್ ಹುಡುಗ ಹೇಳಿದ.
ತಾಗಿದವು ಹಲಗೆಯ ಜೊತೆ ಹೋದವು,
ತಪ್ಪಿದ್ದನ್ನೆಲ್ಲ ಗೋಡೆ ಇಟ್ಟುಕೊಂಡಿತ್ತು.
ಲುಹರ್ ಬಾಂಗಿನೊಳಗೆ ಅದೂ ಉರುಳಿತು.

ಈಗ ನೀಲಿ ತಗಡಿನ ಬೇಲಿ.
ಹನ್ನೊಂದೂವರೆಗೆ ಕೈ ತಾನಾಗಿ ಮೊಟ್ಟೆ ಒಡೆಯುತ್ತದೆ,
ಒಡೆದ ಮೇಲೆ ನಾನೇ ತಿನ್ನುತ್ತೇನೆ.
ಪುಸ್ತಕ ರದ್ದಿಗೆ ಹಾಕು ಅನ್ನುತ್ತಾನೆ ಅಳಿಯ.
ಹೇಗೆ ಹಾಕಲಿ,
ಸಾಹೇಬರು ನಾಳೆ ಎಂದಿದ್ದಾರೆ.