ಹತ್ತು ಮಿಲಿಸೆಕೆಂಡು

ಬರ್ನೋ ಊರಿನ ಟ್ರಾಮು ಕಿಟಕಿ ನಡುಗಿಸಿ ಹೋಯಿತು.
ನಾನಿನ್ನೂ ಇನ್ನೂರ ಹನ್ನೆರಡನೇ ಸಾಲಿನಲ್ಲಿ.

ಇನಾರಿ ಸರೋವರದ ಮಂಜುಗಡ್ಡೆಯ ದಪ್ಪ ಅಳೆಯಲು
ಉಗುರಿನಷ್ಟು ಚಿಪ್;
ಅದರ ಮಾತು ಕರ್ನಲ್‌ಗೆ ತಿಳಿಸುವ ದುಭಾಷಿ ಈ ಡ್ರೈವರ್.
ಬರೆದವನು ಆಸ್ಲಾಕ್. ಕಳಿಸುತ್ತಿರುವುದು ಮೂರನೇ ಸಲ.

ಮೊದಲ ಸಲ ಬರೆದಿದ್ದೆ:
ಬೀಗ ಕೈಲಿ ಹಿಡಿದು ನಿದ್ದೆ ಹೋಗಬೇಡ,
ಉಳಿದವರು ಬಾಗಿಲಲ್ಲೇ ಗಿರಗಿರ ಸುತ್ತುತ್ತಿರುತ್ತಾರೆ.
ಎರಡನೇ ಸಲ:
ಸೋತು ಹೊರಡುವ ದಾರಿಯಲ್ಲೂ
ಕಡ ತಂದ ಮೆಮೊರಿ ಹಿಂತಿರುಗಿಸು.
ತಿದ್ದಿದ್ದಾನೆ ಎರಡನ್ನೂ, ಮರುಮಾತಿಲ್ಲದೆ.

ಈಗ ಇದೊಂದು:
ಚಿಪ್ಪನ್ನು ಎಬ್ಬಿಸಿದ ಮೇಲೆ
ಹತ್ತು ಮಿಲಿಸೆಕೆಂಡು ಸುಮ್ಮನೆ ಕಾಯುವ ಸಾಲು.
ಕೈಪಿಡಿ ಎರಡೇ ಸಾಕೆನ್ನುತ್ತದೆ.
‘ಹತ್ತು ಯಾಕೆ? ತೆಗೆ’ ಎಂದು ಒರಟಾಗಿಯೇ ಬರೆದು
ಎದ್ದು ಹೋಗಿ, ಹುರಿದ ಬ್ರೆಡ್ಡಿಗೆ ಬೆಳ್ಳುಳ್ಳಿ ಉಜ್ಜಿಕೊಂಡು ತಿಂದೆ.

ರಾತ್ರಿ ಉತ್ತರ:
‘ಬೊಹ್ದಾನಾ, ಕೈಪಿಡಿ ಬರೆದವರ ಕೋಣೆ ಬೆಚ್ಚಗಿತ್ತು.
ಮೈನಸ್ ಮೂವತ್ತೆಂಟರಲ್ಲಿ ಇದು ಕರೆದ ಕೂಡಲೇ ಏಳುವುದಿಲ್ಲ.
ಎಂಟಕ್ಕೆ ಓದಿದರೆ ಸೊನ್ನೆ ಎನ್ನುತ್ತದೆ,
ಮಂಜಿನ ಮೇಲೆ ನಿಂತವನಿಗೆ
ಕಾಲ ಕೆಳಗೆ ಮಂಜೇ ಇಲ್ಲವೆಂದು.
ಒಂಬತ್ತಕ್ಕೆ ಸರಿ ಹೇಳಿತು.
ಇನ್ನೊಂದು, ನನ್ನ ಭಯಕ್ಕೆ.’

ನನ್ನ ಕೋಣೆಯೂ ಬೆಚ್ಚಗಿತ್ತು.

ಟಿಪ್ಪಣಿಯಲ್ಲಿ ಭಯ ಎಂದು ಬರೆಯುವ ರೂಢಿ ನಮ್ಮಲ್ಲಿಲ್ಲ.
‘ಕಡುಚಳಿಗೆ ಒಂಬತ್ತು; ಒಂದು ಹೆಚ್ಚುವರಿ’
ಎಂದು ಆ ಸಾಲಿನ ನೆತ್ತಿಗೆ ಬರೆ, ಅಂದೆ.
ಪರಿಶೀಲಿಸಿದವಳು ಎಂಬಲ್ಲಿ ನನ್ನ ಹೆಸರು ಹಾಕಿದೆ.

ಮತ್ತೆ, ಐವತ್ತೇಳನೇ ಸಾಲಿನ ತುದಿಯಲ್ಲಿ
ಬೇಡದ ಖಾಲಿ ಜಾಗವೊಂದಿದೆ.
ಅದನ್ನು ಮಾತ್ರ ತೆಗೆ.