ಮಡಿಸಬಾರದಂತೆ

ದತ್ತವಾಡಿಯ ನಮ್ಮ ಒಂದೂವರೆ ಖೋಲಿಯಲ್ಲಿ
ಹದಿನೇಳು ಕೌದಿ.
ಒಂದರ ಮೇಲೊಂದು ಒಟ್ಟಿದರೆ
ಮೇಲಿನ ಪತ್ರಾಕ್ಕೆ ಒಂದು ಗೇಣು ಬಾಕಿ.
ಎಲ್ಲ ಮಹಾನಂದಾ ಹೊಲಿದವು.
ದೀಪಾವಳಿ ಪ್ರದರ್ಶನಕ್ಕೆ ಇನ್ನೂ ನಾಲ್ಕು ತಿಂಗಳು.

ಪಕ್ಕದ ಚಾಳಿನ ಕೇತಕಿ,
ಹಳೇ ಬಟ್ಟೆ ಜೋಪಾನ ಮಾಡುವ ವಿದ್ಯೆ ಕಲಿಯುವವಳು,
ಒಂದನ್ನು ಬಿಡಿಸಿ ಬೆರಳಾಡಿಸಿದಳು.
ಇಲ್ಲಿ ನೋಡಿ ಕಾಕಾ, ಗೆರೆ.
ಒಂದೇ ಜಾಗಕ್ಕೆ ಮತ್ತೆ ಮತ್ತೆ ಮಡಿಸಿದರೆ
ದಾರ ಉಳಿಯುತ್ತದೆ, ಬಟ್ಟೆ ಅಲ್ಲೇ ಸಾಯುತ್ತದೆ.
ಮಡಿಸಬಾರದು. ಸುತ್ತಬೇಕು.
ಮಡಿಸಲೇಬೇಕಾದರೆ ಪ್ರತಿ ಸಲ ಗೆರೆ ಬದಲಿಸಿ.
ಅವಳು ಮರಾಠಿಯಲ್ಲಿ ಹೇಳಿದಳು,
ಮಹಾನಂದಾ ಕನ್ನಡದಲ್ಲಿ ಹೂಂಗುಟ್ಟಿದಳು.

ರವಿವಾರ ಪೇಠೆಯ ಥಾನಿನ ಅಂಗಡಿಗಳ ಹಿಂದೆ
ಎಸೆದ ರಟ್ಟಿನ ಕೊಳವೆಗಳನ್ನು
ಮೂರು ಸಲಕ್ಕೆ ಹೊತ್ತು ತಂದೆ.
ತೋಪು ಎಲ್ಲಿಗೆ ಕಾಕಾ, ಅಂದ ಬಸ್ಸಿನ ಕಂಡಕ್ಟರ.
ತೋಪಿಗೂ ಒಂದು ಟಿಕೀಟು ಹರಿದ.

ಕೊಳವೆಗೆ ಮೊದಲು ತೊಳೆದ ಮಲ್ಮಲ್ಲು,
ರಟ್ಟಿನ ಹುಳಿ ಬಟ್ಟೆಗೆ ತಾಗದ ಹಾಗೆ.
ಕೌದಿಯ ಮುಖ ಹೊರಗೆ.
ಬಾಣಂತಿಯ ಕೂಸನ್ನು ಸುತ್ತುವ ಬಿಗಿ, ಅಷ್ಟೇ.
ಪ್ಲಾಸ್ಟಿಕ್ ಹೊದಿಸಿದರೆ ಒಳಗೊಳಗೇ ಬೆವರುತ್ತದೆ, ಬೇಡ.
ಡಾಂಬರು ಗುಳಿಗೆ ಬೇಡ, ಒಣಗಿದ ಬೇವು ಸಾಕು.
ಎಲ್ಲಕ್ಕೂ ತಲೆಯಾಡಿಸಿದ ಮಹಾನಂದಾ
ಒಂದಕ್ಕೆ ಮಾತ್ರ ಸೆಟೆದು ನಿಂತಳು.
ಹೊಲಿಗೆ ಮುಗಿಸುವಾಗ ಕೌದಿಯ ಹೊಟ್ಟೆಗೆ
ಅವಳು ಒಂದು ಚೂರು ರೊಟ್ಟಿ ಇಡುತ್ತಾಳೆ.
ಹುಳ ಬರುತ್ತವೆ ಕಾಕೂ, ತೆಗೀರಿ, ಅಂದಳು ಹುಡುಗಿ.
"ಬರ್ಲಿ. ಕೌದಿ ಉಪಾಸ ಇರಬಾರ್ದು."

ಭಾನುವಾರ ಪೂರ್ತಿ ಸುತ್ತಿದೆವು.
ಅವಳು ಕೊಳವೆ ಉರುಳಿಸುವುದು,
ನಾನು ಹಿಂದೆ ಕೂತು ಸುಕ್ಕು ನೀವುವುದು.
ಇಬ್ಬರ ಮುಖವೂ ಒಂದೇ ದಿಕ್ಕಿಗೆ.
ಸಂಜೆಗೆ ಹದಿನೇಳೂ ಹಗ್ಗಕ್ಕೆ ಜೋತು
ತಲೆಯ ಮೇಲೆ ಅಡ್ಡಡ್ಡ ಮಲಗಿದವು.
ಖೋಲಿ ದೊಡ್ಡದಾಯಿತು.
ಅಷ್ಟು ಜಾಗದಲ್ಲಿ ಏನು ಮಾಡಬೇಕೋ ತಿಳಿಯದೆ
ನಾನು ಹೊರಗೆ ಹೋಗಿ ನಿಂತೆ.

ಹೇಳುವುದೇನೆಂದರೆ,
ಒಂಬತ್ತು ವರ್ಷದ ಹಿಂದೆ ನಾನು ಲೆಕ್ಕ ತಪ್ಪಿ
ಅವಳವ್ವನ ಚಂದ್ರಕಾಳಿ ಸೀರೆಯ ಕೌದಿಯನ್ನು
ಕೋಥರೂಡಿನ ಗಿರಾಕಿಗೆ ಹದಿನೆಂಟು ನೂರಕ್ಕೆ ಕೊಟ್ಟೆ.
ಅವಳು ಬಯ್ಯಲಿಲ್ಲ.
ಉಪ್ಪು, ಬಾಡಿಗೆ, ಗ್ಯಾಸಿನ ನಂಬರು,
ಇಷ್ಟು ಬಿಟ್ಟು ಉಳಿದ ಮಾತನ್ನೆಲ್ಲ
ಅಂದೇ ಮಡಿಸಿ ಎತ್ತಿಟ್ಟಳು.
ಆದರೂ ದಿನಾ ಬೆಳಗಾದರೆ ಹೊದಿಕೆಯ ಕೌದಿಗೆ
ಎರಡು ಮೂಲೆ ಅವಳು, ಎರಡು ಮೂಲೆ ನಾನು.
ಝಾಡಿಸಿ, ಎಳೆದು, ಎದುರುಬದುರು ನಡೆದು ಬಂದು
ಅವಳ ಮೂಲೆಗಳನ್ನು ನನ್ನ ಕೈಗೆ ಕೊಡುವಾಗ
ಸೂಜಿ ತಿಂದ ಅವಳ ಹೆಬ್ಬೆಟ್ಟು
ನನ್ನ ಅಂಗೈಗೆ ಒರಟಾಗಿ ತಾಗುತ್ತಿತ್ತು.
ಒಂಬತ್ತು ವರ್ಷ ನಮ್ಮ ಮಾತು ಅದೇ.

ಹುಡುಗಿಗೆ ಇದನ್ನು ಯಾರು ಹೇಳಬೇಕು?

ಸೋಮವಾರ ಎದ್ದೆ.
ಹದಿನೆಂಟನೆಯದು, ನಾವು ಹೊದೆಯುವುದು,
ತೇಪೆಯ ಮೇಲೆ ತೇಪೆ ಬಿದ್ದು
ಮೂಲ ಬಟ್ಟೆ ಯಾವುದೋ ಅದಕ್ಕೇ ಮರೆತದ್ದು,
ಅದಕ್ಕೂ ಒಂದು ಕೊಳವೆ ತೆಗೆದಿಟ್ಟಿದ್ದೆ.
ಮಹಾನಂದಾ ಆಗಲೇ ಎರಡು ಮೂಲೆ ಹಿಡಿದು ನಿಂತಿದ್ದಳು.
"ಹಿಡೀರಿ."
"ಸುತ್ತೂದಲ್ಲೇನು?"
"ಇದೇನ್ ಮಾರೂದಲ್ಲ."

ಹಿಡಿದೆ. ಝಾಡಿಸಿದೆವು.
ಬಾಗಿಲಿನ ಬಿಸಿಲಲ್ಲಿ ಧೂಳು ಎದ್ದು ಕೂತಿತು.
ಹಳೇ ಗೆರೆಗೆ ಸರಿಯಾಗಿ ಮಡಿಸಲು ಹೊರಟವನನ್ನು
ಅವಳು ಗದ್ದದಲ್ಲೇ ತಡೆದಳು.
"ಅಲ್ಲಿ ಬ್ಯಾಡ. ನಾಕ್ ಬೆರಳ ಈ ಕಡೆ."

ನಾಲ್ಕು ಬೆರಳು ಈ ಕಡೆ ನಡೆದು ಬಂದಳು.
ಅಂಚು ಸೇರಲಿಲ್ಲ, ಒಂದು ಬದಿ ನಾಲಗೆಯಂತೆ ಹೊರಗುಳಿಯಿತು.
ಅದನ್ನು ನೋಡುತ್ತ,
ನನ್ನನ್ನಲ್ಲ, ಅದನ್ನೇ ನೋಡುತ್ತ ಅಂದಳು:
"ಆ ಚಂದ್ರಕಾಳಿದಕ್ಕ ಎರಡೂವರಿ ಸಾವಿರರೆ ಕೇಳಬೇಕಿತ್ತ."

ಏನಾದರೂ ಅನ್ನಬೇಕು ಅನ್ನುವಷ್ಟರಲ್ಲಿ
ನಳಕ್ಕೆ ನೀರು ಬಂತು.
ಮೂಲೆಗಳನ್ನೆಲ್ಲ ನನ್ನ ಕೈಗೆ ತುರುಕಿ
ಕೊಡ ಎತ್ತಿಕೊಂಡು ಓಡಿದಳು.