ತಣ್ಣನೆಯ ಹಬೆ

ಶಿಡ್ಲಘಟ್ಟದ ಬಸ್‌ಸ್ಟ್ಯಾಂಡಿನೆದುರು ಅಂಗಡಿ.
ಮೂರು ಇಟ್ಟ ಹುಡುಗ ಗಾಜಿನ ಮೇಲೆ:
ಮರದ ಬಣ್ಣದ್ದೊಂದು, ಬಿಳೀದು ರೇಷ್ಮೆಗೂಡಿನ ಹಾಗೆ,
ಇನ್ನೊಂದು ಪಿಂಗಾಣಿ, ಅಡಿಯಲ್ಲಿ ದೀಪ ಹಚ್ಚಬೇಕಂತೆ.
ಬೆಂಕಿಯದು ಬೇಡಪ್ಪ, ಅಂದೆ.
ಹದಿನೆಂಟು ವರ್ಷ ಒಲೆ ಮುಂದೆ ಕೂತು
ಗೂಡು ಬೇಯಿಸಿದವಳು.

ನೀರೆಷ್ಟು ಹಿಡಿಯುತ್ತೆ, ರಾತ್ರಿ ಸದ್ದು ಮಾಡುತ್ತಾ,
ಕರೆಂಟು ಹೋಗಿ ಬಂದರೆ ತಾನೇ ಶುರುವಾಗುತ್ತಾ?
ಕೇಳಿದ್ದಕ್ಕೆಲ್ಲ ಹೇಳಿದ.
ನಮ್ಮ ಬೋರಿನ ನೀರು ಅಂದಾಗ ಮಾತ್ರ ತಲೆ ಕೆರೆದ:
"ತಳದಲ್ಲಿ ಬಿಳಿ ಕೂರುತ್ತೆ ಅಕ್ಕಾ, ಫಿಲ್ಟರ್ ನೀರೇ ಹಾಕಿ."
ಕುಡಿಯೋಕೇ ಕ್ಯಾನು ಹೊತ್ತು ತರುತ್ತೇವೆ,
ಇದಕ್ಕೂ ಒಂದು ಲೋಟ. ಆಗಲಿ.

ಆಮೇಲೆ ಶೀಶೆಗಳ ಮುಚ್ಚಳ ತೆಗೆದು
ಮೂಗಿಗೆ ಹಿಡಿದ.
ಲ್ಯಾವೆಂಡರ್. ನಿಂಬೆಹುಲ್ಲು. ನೀಲಗಿರಿ.
ಹೂಂ ಅಂದೆ, ಹೂಂ ಹೂಂ ಅಂದೆ.
ಒಂದೂ ಬರಲಿಲ್ಲ.

ಬೆಂದ ಹುಳುವಿನ ನಾತವೂ ಬಂದು ಎಷ್ಟು ಕಾಲವಾಯಿತೋ.
ಅದು ಮನೆಯಲ್ಲೇ ಇದೆ, ನನಗೆ ಮಾತ್ರ ಇಲ್ಲ
ಅಂತ ಗೊತ್ತಾದದ್ದು ಮೊನ್ನೆ,
ಚಿಂತಾಮಣಿಯ ಬೀಗಿತ್ತಿ ಹೊಸ್ತಿಲಲ್ಲೇ ನಿಂತು
ಸೆರಗನ್ನು ಮೂಗಿಗೊತ್ತಿ
"ಚೆನ್ನಾಗಿದೀರಾ" ಅಂದಾಗ.

ಬಿಳೀದನ್ನು ಹಾಕಿ ತೋರಿಸು, ಅಂದೆ.
ಬಾಣಲೆಯಿಂದೆದ್ದ ಹಾಗೇ ಎದ್ದಿತು ಹಬೆ.
ಅಭ್ಯಾಸ ನೋಡಿ, ಕೈ ತಾನಾಗಿ ಹಿಂದೆ ಬಂತು.
ಮತ್ತೆ ಒಡ್ಡಿದೆ.
ಸುಲಿದ ಬೆರಳ ತುದಿಗೆ
ತಣ್ಣಗೆ ತಗುಲಿತು.
ಸ್ವಲ್ಪ ಹೊತ್ತು ಹಾಗೇ ಇಟ್ಟುಕೊಂಡಿದ್ದೆ.

ಇದೇ ಕಟ್ಟು.
"ಎಣ್ಣೆ ಯಾವುದು ಅಕ್ಕಾ?"
ನಿನ್ನ ಮೂಗಿಗೆ ಹಿತವಾದದ್ದು ಕೊಡು ಮಗಾ,
ಬೆಲೆ ಮಾತ್ರ ನನಗೆ ಹೇಳು.